ಬಾಗಿಲ ಹಿಂದಿನ ಬೂಟು

ಕೇಳುಗರೇ, ನಮಸ್ಕಾರ.

ಇವತ್ತು ನಿಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಒಬ್ಬ ಪ್ರೊಫೆಸರ್ ಅವರ ಕೋಣೆ. ನನ್ನ ಮೇಷ್ಟ್ರು ಅವರು, ನೆಲ ಅಗೆದು ಹಳೆಯ ಕಾಲವನ್ನು ಓದುವವರು. ಬಾಗಿಲು ಪೂರ್ತಿ ತೆರೆಯುವುದಿಲ್ಲ. ಜೋರಾಗಿ ತಳ್ಳಬೇಡಿ, ಹಿಂದೆ ಒಂದು ಜೊತೆ ಬೂಟು ಇದೆ, ಬೂಟಿಗೆ ಒರಗಿಕೊಂಡು ಒಂದು ದೊಡ್ಡ ಜರಡಿ, ಜರಡಿಯ ಹಿಂದೆ ಸುತ್ತಿಟ್ಟ ಟಾರ್ಪಾಲು. ಸ್ವಲ್ಪ ಓರೆಯಾಗಿ ನುಸುಳಿದರೆ ಒಳಗೆ ಬರಬಹುದು.

ಕೂರಲು ಜಾಗ ಮಾಡಿಕೊಳ್ಳಬೇಕು. ಒಂದು ಕುರ್ಚಿಯ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು, ಇನ್ನೊಂದರ ಮೇಲೆ ಹಗ್ಗದ ಸುರುಳಿ. ಮೇಜಿನ ಮೇಲಿನ ಕಾಗದ ಹಾರದಿರಲಿ ಅಂತ ಇಟ್ಟಿರುವುದು ಗಾರೆ ಕೆಲಸದ ಕರಣೆ. ಅದರ ಮೊನೆ ಮಣ್ಣು ಕೆರೆದು ಕೆರೆದು ಸವೆದು ಮೊಂಡಾಗಿದೆ. ನಿಘಂಟಿನ ಪಕ್ಕದಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬ, ಅದರ ಮುಚ್ಚಳದ ಮೇಲೆ ಹಾವು ಕಚ್ಚಿದರೆ ಏನು ಮಾಡಬೇಕು ಅನ್ನುವ ಚೀಟಿ. ಗೋಡೆ ತುಂಬ ನಕ್ಷೆಗಳು. ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಮಣ್ಣಿನ ಪೊಟ್ಟಣಗಳು, ಒಂದೊಂದರ ಮೇಲೂ ತಾರೀಕು, ಆಳ, ಗುಂಡಿಯ ಸಂಖ್ಯೆ. ಮೊದಲ ಸಲ ಬಂದವರಿಗೆ ಇಲ್ಲಿ ಇಬ್ಬರು ವಾಸ ಮಾಡುತ್ತಾರೇನೋ ಅನಿಸುತ್ತದೆ. ಒಬ್ಬರು ಕನ್ನಡಕ ಹಾಕಿಕೊಂಡು ಓದುವವರು, ಇನ್ನೊಬ್ಬರು ಬೆನ್ನಿಗೆ ಚೀಲ ಏರಿಸಿ ಹೊರಟೇಬಿಡುವವರು.

ನನಗೂ ಮೊದಲು ಹಾಗೇ ಅನಿಸಿತ್ತು. ಇಬ್ಬರಲ್ಲಿ ಎರಡನೆಯವರೇ ನನಗೆ ಇಷ್ಟವಾಗಿದ್ದರು. ಸಿನಿಮಾ ನೋಡಿ ಬೆಳೆದವರು ನಾವು, ಅಲ್ವಾ? ಪಾಠ ಮುಗಿಸಿ ಕಿಟಕಿಯಿಂದ ಹಾರಿ, ಕಾಡು ಹೊಕ್ಕು, ಗುಹೆಯಿಂದ ಚಿನ್ನದ ಬೊಂಬೆ ಎತ್ತಿಕೊಂಡು ಓಡಿ ಬರುವ ಪ್ರೊಫೆಸರ್ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದಾರೆ. ಅಂಥವರು ನಿಜವಾಗಿಯೂ ಇದ್ದರು ಕೂಡ. ಹೈರಮ್ ಬಿಂಗಮ್ ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. 1911ರ ಜುಲೈ 24ರಂದು ಪೆರು ದೇಶದ ಬೆಟ್ಟ ಹತ್ತಿ ಮಾಚು ಪಿಚು ಎಂಬ ಇಂಕಾ ಜನರ ಹಳೆಯ ಕಲ್ಲಿನ ಊರನ್ನು ತಲುಪಿದರು. ದಾರಿ ತೋರಿಸಿದವರು ಮೆಲ್ಚೋರ್ ಆರ್ತೆಯಾಗ ಎಂಬ ಅಲ್ಲಿನ ರೈತ. ಮೇಲೆ ಹೋದರೆ ಅಲ್ಲಾಗಲೇ ಬೇಸಾಯ ಮಾಡಿಕೊಂಡಿದ್ದ ಕುಟುಂಬಗಳಿದ್ದವು, ಅವರ ಒಬ್ಬ ಪುಟ್ಟ ಹುಡುಗ ಇವರನ್ನು ಕೈಹಿಡಿದಂತೆ ಕರೆದೊಯ್ದು ಕಲ್ಲುಗೋಡೆಗಳನ್ನು ತೋರಿಸಿದ. ಆದ್ದರಿಂದ 'ಕಂಡುಹಿಡಿದರು' ಅನ್ನುವ ಮಾತು ನನಗೆ ಒಪ್ಪುವುದಿಲ್ಲ. ಆಮೇಲೆ ಅಲ್ಲಿಂದ ಸಾವಿರಾರು ವಸ್ತುಗಳು ಯೇಲ್‌ಗೆ ಹೋದವು, ಪೆರುವಿಗೆ ವಾಪಸು ಬರಲು 2011, 2012ರವರೆಗೆ ಕಾಯಬೇಕಾಯಿತು. ನೂರು ವರ್ಷ!

ನಮ್ಮ ಮೇಷ್ಟ್ರ ಕಪಾಟಿನಲ್ಲಿ ಅವರದು ಅನ್ನುವ ಹಳೆಯ ವಸ್ತು ಒಂದೂ ಇಲ್ಲ. ತಲೆಬುರುಡೆ ಇದೆ, ಅದು ಪ್ಲಾಸ್ಟರಿನ ಅಚ್ಚು. ಮುದ್ರೆಗಳಿವೆ, ಅವೂ ಅಚ್ಚುಗಳೇ. ಮಡಕೆ ಚೂರುಗಳ ಪೆಟ್ಟಿಗೆಗಳಿವೆ, ಅವು ಓದಲಿಕ್ಕೆ ಅಂತ ಅನುಮತಿ ಪಡೆದು ತಂದವು, ಕೆಲಸ ಮುಗಿದ ಮೇಲೆ ಹಿಂದಿರುಗಬೇಕಾದವು.

ಆ ಚೂರುಗಳಲ್ಲಿ ಒಂದನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಹೊರಮೈ ಕಪ್ಪು, ಒಳಮೈ ಕೆಂಪು, ಮುರಿದ ಅಂಚಿನಲ್ಲಿ ಮರಳಿನ ಕಾಳು ಹೊಳೆಯುತ್ತದೆ. ಒಳಮೈಯ ಒಂದು ಮೂಲೆಯಲ್ಲಿ ಉಗುರು ಬಣ್ಣ ಒಣಗಿದ ಹಾಗೆ ತೆಳ್ಳಗೆ ಮಿಂಚುವ ಒಂದು ಪಟ್ಟಿ ಕಾಣಿಸುತ್ತಿದೆಯಲ್ಲ? ಮೊದಲು ಪಾರದರ್ಶಕ ಅಂಟಿನ ಒಂದು ಲೇಪ ಹಚ್ಚುತ್ತಾರೆ. ಅದು ಒಣಗಿದ ಮೇಲೆ ಸಣ್ಣ ನಿಬ್ಬಿನಲ್ಲಿ ಕಪ್ಪು ಶಾಯಿಯಿಂದ ಸಂಖ್ಯೆ ಬರೆಯುತ್ತಾರೆ. ಅದರ ಮೇಲೆ ಇನ್ನೊಂದು ಲೇಪ. ಶಾಯಿ ಮಡಕೆಗೆ ತಾಗುವುದೇ ಇಲ್ಲ, ನಾಳೆ ಯಾರಿಗಾದರೂ ಅಳಿಸಬೇಕು ಅನಿಸಿದರೆ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು, ಚೂರು ಮೊದಲಿದ್ದ ಹಾಗೇ ಉಳಿಯುತ್ತದೆ. ಅಕ್ಷರ ಎಷ್ಟು ಸಣ್ಣದು ಅಂದರೆ ಉಸಿರು ಬಿಗಿಹಿಡಿದು ಬರೆಯಬೇಕು. ಈ ಸಂಖ್ಯೆ ಹಿಡಿದು ನೋಟ್‌ಬುಕ್ ತೆರೆದರೆ ಈ ಚೂರು ಯಾವ ಗುಂಡಿಯಲ್ಲಿ, ಎಷ್ಟು ಆಳದಲ್ಲಿ, ಯಾವ ಬಣ್ಣದ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಅನ್ನುವುದೆಲ್ಲ ಗೊತ್ತಾಗುತ್ತದೆ. ಸಂಖ್ಯೆ ಅಳಿಸಿತೋ, ಅದು ಸುಮ್ನೆ ಒಂದು ಬೋಕಿ.

ಆ ನೋಟ್‌ಬುಕ್ಕುಗಳು ಕಪಾಟಿನ ಮೇಲಿನ ಅರೆಯಲ್ಲಿವೆ. ಎಲ್ಲವೂ ಪೆನ್ಸಿಲ್ ಬರಹ. ಪೆನ್ನಿನ ಶಾಯಿ ಮಳೆಗೆ ಹರಡಿಕೊಳ್ಳುತ್ತದೆ, ಪೆನ್ಸಿಲ್ ನೆನೆದರೂ ಉಳಿಯುತ್ತದೆ. ಪುಟಗಳ ಮೇಲೆ ಮಣ್ಣಿನ ಬೆರಳಚ್ಚು, ಒಣಗಿದ ನೊಣ, ಅಲ್ಲಲ್ಲಿ ನೀರು ಹೀರಿ ಉಬ್ಬಿದ ಗುರುತು. ಬೂಟು ಮಾತ್ರ ಫಳಫಳ ಅನ್ನುವಷ್ಟು ಚೊಕ್ಕಟ! ಪ್ರತಿ ಸಲ ಬಂದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಅಡಿಯ ಗೀರುಗಳಿಂದ ಮಣ್ಣು ಬಿಡಿಸುತ್ತಾರೆ, ಯಾಕೆಂದರೆ ಒಂದು ಕಡೆಯ ಮಣ್ಣು, ಕಳೆಯ ಬೀಜ ಇನ್ನೊಂದು ಕಡೆಗೆ ಹೋಗಬಾರದು.

ಸಾಹಸ ಅಂದ ಕೂಡಲೇ ನನಗೆ ನೆನಪಾಗುವವರು ಆಲ್‌ಫ್ರೆಡ್ ವೆಗೆನರ್. ಜರ್ಮನಿಯವರು, ಹವಾಮಾನ ವಿಜ್ಞಾನಿ. 1906ರಲ್ಲಿ ಅಣ್ಣನ ಜೊತೆ ಬಲೂನಿನಲ್ಲಿ 52 ಗಂಟೆಗೂ ಜಾಸ್ತಿ ಹೊತ್ತು ಇಳಿಯದೆ ಹಾರಿದವರು, ಅದು ಆಗಿನ ಕಾಲಕ್ಕೆ ದಾಖಲೆ. ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಮತ್ತೆ ಮತ್ತೆ ಹೋದವರು. ಆದರೆ ಅವರ ಹೆಸರು ಇವತ್ತಿಗೂ ಉಳಿದಿರುವುದು ಬೇರೆ ಕಾರಣಕ್ಕೆ. ಆ ವಿಚಾರ ಹುಟ್ಟಿದ್ದು ಬಲೂನಿನಲ್ಲಿ ಅಲ್ಲ, ಹಿಮದಲ್ಲೂ ಅಲ್ಲ. ಗೆಳೆಯರೊಬ್ಬರಿಗೆ ಉಡುಗೊರೆಯಾಗಿ ಬಂದ ಭೂಪಟದ ಪುಸ್ತಕ ತಿರುವಿಹಾಕುವಾಗ ದಕ್ಷಿಣ ಅಮೆರಿಕದ ಅಂಚು, ಆಫ್ರಿಕದ ಅಂಚು ಒಂದಕ್ಕೊಂದು ಹೊಂದುವಂತೆ ಕಂಡವು. ಆಮೇಲೆ ಗ್ರಂಥಾಲಯದಲ್ಲಿ ಸಾಗರದ ಎರಡೂ ದಡದಲ್ಲಿ ಸಿಕ್ಕ ಒಂದೇ ಬಗೆಯ ಪಳೆಯುಳಿಕೆಗಳ ವರದಿ ಕಣ್ಣಿಗೆ ಬಿತ್ತು. 1912ರಲ್ಲಿ ಅವರು ಭೂಖಂಡಗಳು ಸರಿದಾಡುತ್ತವೆ ಅಂದಾಗ ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ನಂಬಲಿಲ್ಲ. ನಂಬುವ ಹೊತ್ತಿಗೆ 1960ರ ದಶಕ ಬಂದಿತ್ತು.

ವೆಗೆನರ್ ಆಗ ಇರಲಿಲ್ಲ. ಆಸ್ಟ್ರಿಯದ ಗ್ರಾಜ್‌ನಲ್ಲಿ ಪ್ರೊಫೆಸರ್ ಆಗಿದ್ದ ಅವರು 1930ರಲ್ಲಿ ಮತ್ತೆ ಗ್ರೀನ್‌ಲ್ಯಾಂಡಿಗೆ ಹೋದರು. ಹಿಮದ ನಟ್ಟನಡುವೆ ಚಳಿಗಾಲ ಕಳೆಯಬೇಕಿದ್ದ ಜೊತೆಗಾರರಿಗೆ ಸಾಮಾನು ಸಾಕಾಗದೇ ಹೋದೀತು ಅಂತ ನಾಯಿಗಾಡಿ ಕಟ್ಟಿಕೊಂಡು ಹೊರಟರು. ನವೆಂಬರ್ 1ಕ್ಕೆ ಅವರಿಗೆ 50 ತುಂಬಿತು. ಅವತ್ತೇ ವಾಪಸು ಹೊರಟರು, ಜೊತೆಯಲ್ಲಿ ರಾಸ್ಮುಸ್ ವಿಲ್ಲುಮ್ಸೆನ್ ಎಂಬ ಗ್ರೀನ್‌ಲ್ಯಾಂಡಿನ ಯುವಕ. ಇಬ್ಬರೂ ದಡ ಮುಟ್ಟಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಹಿಮದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಎರಡು ಸ್ಕೀ ಹಲಗೆಗಳು ಹುಡುಕಲು ಹೋದವರಿಗೆ ಕಂಡವು. ಅಗೆದರೆ ವೆಗೆನರ್ ಅವರ ದೇಹ, ಜೋಪಾನವಾಗಿ ಮಲಗುಚೀಲದ ಬಟ್ಟೆಯಲ್ಲಿ ಸುತ್ತಿ ಹೊಲಿದದ್ದು. ಆ ಚಳಿಯಲ್ಲಿ ಒಬ್ಬನೇ ಕೂತು ಹೊಲಿದ ಆ ಹುಡುಗನನ್ನು ನೆನೆದರೆ ಮಾತು ಹೊರಡುವುದಿಲ್ಲ. ಅವನು ವೆಗೆನರ್ ಅವರ ದಿನಚರಿ ಪುಸ್ತಕವನ್ನು ತೆಗೆದುಕೊಂಡು ಮುಂದೆ ಹೋಗಿದ್ದ. ಅವನೂ ಸಿಗಲಿಲ್ಲ, ದಿನಚರಿಯೂ ಸಿಗಲಿಲ್ಲ.

ಈ ಕತೆಯನ್ನು ನನಗೆ ಹೇಳಿದ್ದು ಮೇಷ್ಟ್ರೇ, ಇದೇ ಕೋಣೆಯಲ್ಲಿ. ಹೇಳಿ ಮುಗಿಸಿ ತಮ್ಮ ನೋಟ್‌ಬುಕ್ಕುಗಳ ಕಡೆ ನೋಡಿದರು. "ದಿನಾ ರಾತ್ರಿ ಇನ್ನೊಂದು ಪ್ರತಿ ಮಾಡಿಟ್ಟುಕೋ, ಎಷ್ಟು ಸುಸ್ತಾಗಿದ್ದರೂ ಸರಿ," ಅಂದರು. ಅಷ್ಟೇ.

ಇನ್ನೊಂದು ಕತೆ ಮೊಟ್ಟೆಗಳದ್ದು. ರಾಯ್ ಚಾಪ್‌ಮನ್ ಆಂಡ್ರೂಸ್ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಮ್ಮಿನಲ್ಲಿ ನೆಲ ಗುಡಿಸುವ ಕೆಲಸದಿಂದ ಶುರು ಮಾಡಿ ಕೊನೆಗೆ ಅದರ ನಿರ್ದೇಶಕರಾದವರು. 1923ರಲ್ಲಿ ಅವರ ತಂಡಕ್ಕೆ ಗೋಬಿ ಮರುಭೂಮಿಯಲ್ಲಿ ಡೈನೊಸಾರ್ ಮೊಟ್ಟೆಗಳ ಗೂಡು ಸಿಕ್ಕಿತು. ಗೂಡಿನ ಮೇಲೆ ಒಂದು ಸಣ್ಣ ಡೈನೊಸಾರಿನ ಎಲುಬು. ಮೊಟ್ಟೆ ಬೇರೆ ಪ್ರಾಣಿಯದು, ಇದು ಕದಿಯಲು ಬಂದಿತ್ತು ಅಂದುಕೊಂಡು ಮರುವರ್ಷ ಅದಕ್ಕೆ ಓವಿರಾಪ್ಟರ್, ಅಂದರೆ ಮೊಟ್ಟೆಗಳ್ಳ, ಅಂತ ಹೆಸರಿಟ್ಟರು. 70 ವರ್ಷದ ಮೇಲೆ, 1993ರಲ್ಲಿ, ಅಂಥದ್ದೇ ಒಂದು ಮೊಟ್ಟೆಯೊಳಗೆ ಹುಟ್ಟದ ಮರಿಯ ಎಲುಬು ಸಿಕ್ಕಿತು. ಅದು ಓವಿರಾಪ್ಟರ್ ಬಳಗದ್ದೇ! ಪಾಪ, ಆ ಪ್ರಾಣಿ ಗೂಡಿನ ಮೇಲೆ ಇದ್ದದ್ದು ಕದಿಯಲು ಅಲ್ಲ, ಮೊಟ್ಟೆ ತನ್ನದೇ ಅಂತ. ಹೆಸರಿಡುವ ನಿಯಮದ ಪ್ರಕಾರ ಮೊದಲಿಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ, ಕಳ್ಳನೆಂಬ ಹೆಸರು ಹಾಗೇ ಉಳಿಯಿತು. ಹೊಸ ಮೊಟ್ಟೆಯನ್ನು ಹಳೆಯವುಗಳ ಜೊತೆ ಹೋಲಿಸಿ ಆ ತಪ್ಪು ತಿದ್ದಲು ಆದದ್ದು 1923ರ ಗೂಡು, ಎಲುಬು, ಬರಹ ಎಲ್ಲವನ್ನೂ ಯಾರೋ ಎಸೆಯದೆ ಇಟ್ಟುಕೊಂಡಿದ್ದರಿಂದ. ಕೋಣೆ ಇಷ್ಟು ತುಂಬಿಕೊಂಡಿದೆಯಲ್ಲ, ಖಾಲಿ ಮಾಡಿ ಅಂತ ಯಾರಾದರೂ ಅಂದಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ.

ಇನ್ನು ಕೋಣೆ ಬಿಟ್ಟು ಕದಲದ ಸಾಹಸವೂ ಒಂದಿದೆ. ಆಲಿಸ್ ಕೋಬರ್ ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಹೇಳಿಕೊಡುತ್ತಿದ್ದರು. ಕ್ರೀಟ್ ದ್ವೀಪದಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಲಿಪಿಯನ್ನು ಯಾರಿಗೂ ಓದಲು ಬರುತ್ತಿರಲಿಲ್ಲ. ಹಗಲು ಪಾಠ, ರಾತ್ರಿ ಮನೆಯ ಮೇಜಿನಲ್ಲಿ ಈ ಲಿಪಿ. ಎರಡನೆಯ ಮಹಾಯುದ್ಧ ಬಂತು, ಕಾಗದಕ್ಕೆ ಬರ. ಅವರು ಬಿಡಲಿಲ್ಲ. ಶುಭಾಶಯ ಪತ್ರದ ಹಿಂಬದಿ, ಪರೀಕ್ಷೆಯ ಪುಸ್ತಕದ ಮುಚ್ಚಳ, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಚೀಟಿ ಮಾಡಿಕೊಂಡರು. ಒಟ್ಟು ಸುಮಾರು 1,80,000 ಚೀಟಿ, ಸಿಗರೇಟಿನ ಖಾಲಿ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿದ್ದು. ಆ ಲಿಪಿಯ ಪದಗಳು ಕೊನೆಯಲ್ಲಿ ಬದಲಾಗುತ್ತವೆ, ಅಂದರೆ ನಮ್ಮ ಭಾಷೆಯಲ್ಲಿ ಮನೆ, ಮನೆಯ, ಮನೆಗೆ ಅಂತ ಆಗುವ ಹಾಗೆ, ಅಂತ ತೋರಿಸಿಕೊಟ್ಟವರು ಅವರು. 1950ರಲ್ಲಿ 43ನೆಯ ವಯಸ್ಸಿಗೆ ತೀರಿಕೊಂಡರು. ಎರಡೇ ವರ್ಷದಲ್ಲಿ, 1952ರಲ್ಲಿ, ಮೈಕಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಲಿಪಿಯನ್ನು ಓದಿದರು, ಅದು ಹಳೆಯ ಗ್ರೀಕ್ ಭಾಷೆ. ದಾರಿ ಮಾಡಿಕೊಟ್ಟ ಕೋಬರ್ ಅದನ್ನು ನೋಡಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮೇಷ್ಟ್ರ ಕೋಣೆಯಲ್ಲಿ ಇಬ್ಬರಿಲ್ಲ ಅಂತ ನನಗೆ ಗೊತ್ತಾಗಲು ಬಹಳ ದಿನ ಬೇಕಾಯಿತು. ನೆಲ ಅಗೆಯುವುದು ಅಂದರೆ ನೆಲವನ್ನು ಹಾಳು ಮಾಡುವುದೇ. ಒಂದು ಪದರವನ್ನು ಒಂದೇ ಸಲ ಅಗೆಯಬಹುದು, ಮತ್ತೆ ಮೊದಲಿನಂತೆ ಮುಚ್ಚಲು ಆಗುವುದಿಲ್ಲ. ಅಗೆದದ್ದನ್ನು ಬರೆದು ಪ್ರಕಟಿಸದೇ ಹೋದರೆ ಅಷ್ಟು ಇತಿಹಾಸ ಹೋದ ಹಾಗೇ. ಅಗೆಯುವುದು ಒಂದು ತಿಂಗಳಾದರೆ ತೊಳೆದು, ಒಣಗಿಸಿ, ಎಣಿಸಿ, ಅಳೆದು, ಚಿತ್ರ ಬರೆದು ಮುಗಿಸಲು ವರ್ಷಗಳೇ ಬೇಕು. ಹೊರಗೆ ಹೋದ ಪ್ರತಿ ದಿನಕ್ಕೂ ಒಳಗೆ ಕೂರುವ ಸಾಲ ಬೆಳೆಯುತ್ತದೆ. ಕೋಣೆಯಲ್ಲಿ ಕಾಲಿಡಲು ಜಾಗ ಇಲ್ಲದಂತೆ ತುಂಬಿರುವುದು ಆ ಸಾಲವೇ.

ಕಳೆದ ವರ್ಷ ಮೇಷ್ಟ್ರು ಕಿಟಕಿಯ ಕೆಳಗಿನ ಏಳು ಪೆಟ್ಟಿಗೆ ತೋರಿಸಿ, "ಇವು ನನ್ನಿಂದ ಆಗಲಿಲ್ಲ, ನೀನು ಮುಗಿಸಬೇಕು ಕಣಪ್ಪ," ಅಂದರು. ಇಪ್ಪತ್ತು ವರ್ಷದ ಹಿಂದಿನ ಅಗೆತದವು. ಅವರ ಬೂಟು ಈಗ ಹೊರಗೆ ಹೋಗುತ್ತಿಲ್ಲ, ಮಂಡಿ ಬಿಡುವುದಿಲ್ಲ. ಆದರೂ ಬಾಗಿಲ ಹಿಂದೆ ಹಾಗೇ ಇದೆ, ನಾನೂ ಸರಿಸಿಲ್ಲ.

ಏಳರಲ್ಲಿ ನಾಲ್ಕು ಮುಗಿದಿವೆ. ಐದನೆಯದನ್ನು ನಿನ್ನೆ ಸಂಜೆ ಬಿಚ್ಚಿದೆ. ಚೂರುಗಳ ಮೇಲೆ ಮಡಚಿಟ್ಟ ಒಂದು ಚೀಟಿ ಇತ್ತು, ಮೇಷ್ಟ್ರ ಪೆನ್ಸಿಲ್ ಅಕ್ಷರ. "ಜೋರು ಮಳೆ. ಕೆಲಸ ನಿಲ್ಲಿಸಿದೆವು. ಈಶಾನ್ಯದ ಮೂಲೆ ನೋಡುವುದು ಬಾಕಿ ಇದೆ."

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.