ಒಬ್ಬ ಸ್ಟೂಡೆಂಟು, ಎರಡು ಕೌಂಟರು

ನಮಸ್ಕಾರ. ಹೋದ ಎಪಿಸೋಡ್ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಫಾರಿನ್ನಲ್ಲಿ ಓದೋ ಚೀನಾ ಹುಡುಗರೆಲ್ಲಾ ದುಡ್ಡಿರೋ ಅಪ್ಪನ ಮಕ್ಕಳು ಗುರು, ಫೀಸ್ ಬಿಸಾಕಿದ್ರೆ ಡಿಗ್ರಿ, ಅವರಿಗೇನು ಕಷ್ಟ." ಪಕ್ಕದಲ್ಲಿ ನಗೋ ಮುಖಗಳ ಸಾಲು. ಅದಕ್ಕೆ ಲೈಕ್ ಒತ್ತಿದೋರಲ್ಲಿ ನಮ್ಮ ಮೆಂಬರ್‌ಶಿಪ್ ತಗೊಂಡೋರೂ ಇದ್ದಾರೆ ಅನ್ನೋದೇ ಬೇಜಾರು.

ಆಯ್ತು, ಇವತ್ತು ಇಟ್ಕೊಂಡಿದ್ದ ವಿಷಯ ಪಕ್ಕಕ್ಕಿರಲಿ. ಇವತ್ತು ನಾನು ಹೇಳೋದು ಒಂದೇ ಮಾತು. ಮುಗಿಯೋ ತನಕ ಅದನ್ನೇ ಹೇಳ್ತೀನಿ, ಬೋರಾದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಳ್ಳಿ. ನಮ್ಮ ಹುಡುಗ ಓದೋಕೆ ಹೊರಗೆ ಹೋದ್ರೆ, ಮುಖ್ಯವಾಗಿ ಒಂದು ಸರ್ಕಾರಕ್ಕೆ ಉತ್ತರ ಕೊಟ್ರೆ ಸಾಕು, ಹೋಗೋ ದೇಶದ್ದು. ಚೀನಾ ಹುಡುಗ ಎರಡಕ್ಕೆ ಕೊಡಬೇಕು. ಹೋಗೋವಾಗ ಒಂದು ಕೌಂಟರು, ವಾಪಸ್ ಬರೋವಾಗ ಇನ್ನೊಂದು ಕೌಂಟರು. ಎರಡರ ಹಿಂದೆ ಕೂತಿರೋರಿಗೂ ಇವನ ಮೇಲೆ ಅನುಮಾನ.

ದುಡ್ಡಿಂದಲೇ ಶುರು ಮಾಡೋಣ, ಕಾಮೆಂಟ್ ಮಹಾಶಯರಿಗೆ ಅದೇ ಇಷ್ಟ. ಚೀನಾದಲ್ಲಿ ಒಬ್ಬ ವ್ಯಕ್ತಿ ಒಂದು ಕ್ಯಾಲೆಂಡರ್ ವರ್ಷಕ್ಕೆ ಸಲೀಸಾಗಿ ಕೊಳ್ಳಬಹುದಾದ ವಿದೇಶಿ ಹಣ 50,000 ಡಾಲರ್‌ನಷ್ಟು. ಜನವರಿ 1ಕ್ಕೆ ಲೆಕ್ಕ ಹೊಸದಾಗುತ್ತೆ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಎಷ್ಟು ಬಿಡುತ್ತೆ? ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ಐದು ಪಟ್ಟು! 10 ಲಕ್ಷ ರೂಪಾಯಿ ದಾಟಿದ್ರೆ ಕಳಿಸೋವಾಗಲೇ ಟಿಸಿಎಸ್ ಅನ್ನೋ ತೆರಿಗೆ ಹಿಡೀತಾರೆ ಅಂತ ಗೋಳಾಡ್ತೀವಲ್ಲ, ಅದು ರಿಟರ್ನ್ಸ್ ಹಾಕಿದಾಗ ಹೊಂದಾಣಿಕೆ ಆಗೋ ದುಡ್ಡು ಸ್ವಾಮಿ.

ಫೀಸಿಗಾದ್ರೆ ಅಲ್ಲೂ ಮಿತಿ ದಾಟಬಹುದು. ಪಾಸ್‌ಪೋರ್ಟು, ವೀಸಾ, ಅಡ್ಮಿಷನ್ ಪತ್ರ, ಯೂನಿವರ್ಸಿಟಿ ಕಳಿಸಿದ ಫೀಸ್ ನೋಟಿಸು, ಎಲ್ಲಾ ಹಿಡ್ಕೊಂಡು ಬ್ಯಾಂಕಿಗೆ ಹೋದ್ರೆ ನೋಟಿಸ್‌ನಲ್ಲಿ ಬರೆದಷ್ಟು ಸಿಗುತ್ತೆ. ಬಾಡಿಗೆಗೆ, ಊಟಕ್ಕೆ, ಲ್ಯಾಪ್‌ಟಾಪಿಗೆ ಅಂಥಾ ನೋಟಿಸ್ ಯಾರು ಕೊಡ್ತಾರೆ? ಅಂಥಾ ಕಾಗದ ಇಲ್ಲದಿದ್ರೆ ಅದು ಆ 50,000ದೊಳಗೇ ಬರಬೇಕು. 2017ರ ಜನವರಿಯಿಂದ ಒಂದು ಅರ್ಜಿ ಬೇರೆ ತುಂಬಬೇಕು: ಈ ದುಡ್ಡಲ್ಲಿ ಹೊರಗಡೆ ಮನೆ ಕೊಳ್ಳಲ್ಲ, ಷೇರು ಕೊಳ್ಳಲ್ಲ, ಹೂಡಿಕೆ ರೂಪದ ವಿಮೆ ಕೊಳ್ಳಲ್ಲ ಅಂತ.

"ಅತ್ತೆ, ಮಾವ, ಚಿಕ್ಕಪ್ಪ ಎಲ್ಲರ ಹೆಸರಲ್ಲಿ ಕಳಿಸಿದ್ರಾಯ್ತಪ್ಪ" ಅಂತೀರಾ? ಅದನ್ನೂ ಯೋಚನೆ ಮಾಡಿಟ್ಟಿದ್ದಾರೆ. ಐದು ಅಥವಾ ಹೆಚ್ಚು ಜನ ಅದೇ ದಿನ ಅಥವಾ ಬೆನ್ನುಬೆನ್ನಿಗೆ ಡಾಲರ್ ಕೊಂಡು ಹೊರಗಿರೋ ಒಬ್ಬನೇ ವ್ಯಕ್ತಿಗೆ ಕಳಿಸಿದ್ರೆ, ಮಿತಿ ತಪ್ಪಿಸೋಕೆ ಹಣ ಹರಿದು ಹಂಚಿದ್ದು ಅಂತ ಲೆಕ್ಕ. ಸಿಕ್ಕಿಬಿದ್ರೆ ನಿಗಾ ಪಟ್ಟಿಗೆ ಹೆಸರು, ಆ ವರ್ಷ ಮತ್ತು ಮುಂದಿನ ಎರಡು ವರ್ಷ ಸಲೀಸಿನ ಕೋಟಾ ಇಲ್ಲ. ಎರಡನೇ ಸೆಮಿಸ್ಟರ್ ಬಾಡಿಗೆ ಕಟ್ಟೋ ಹೊತ್ತಿಗೆ ಚಿಕ್ಕಪ್ಪನ ಹೆಸರು ಪಟ್ಟಿಯಲ್ಲಿ.

ಆಗ ಹುಡುಗರು ಏನು ಮಾಡ್ತಾರೆ? ವೀಚಾಟ್ ಅಂತ ಅವರ ವಾಟ್ಸ್ಯಾಪ್ ಥರದ ಆ್ಯಪ್ ಇದೆ, ಅದರ ಗ್ರೂಪಿನಲ್ಲಿ ಅದಲು ಬದಲು. ಇವನ ಅಪ್ಪ ಚೀನಾದಲ್ಲಿ ಯಾರಿಗೋ ಯುವಾನ್ ಕೊಡ್ತಾರೆ, ಲಂಡನ್ನಲ್ಲಿ ಇನ್ಯಾರೋ ಇವನ ಖಾತೆಗೆ ಪೌಂಡ್ ಹಾಕ್ತಾರೆ. ಬ್ಯಾಂಕಿಗಿಂತ ಒಳ್ಳೆ ರೇಟು, ಅರ್ಧ ಗಂಟೆ ಕೆಲಸ. ಆದ್ರೆ ಆ ಪೌಂಡು ಯಾರದ್ದು? ಡ್ರಗ್ಸ್ ಮಾರಿದ ದುಡ್ಡೋ, ಯಾರಿಗೋ ಟೋಪಿ ಹಾಕಿದ ದುಡ್ಡೋ ಇವನಿಗೆ ಗೊತ್ತಿಲ್ಲ. ಬ್ರಿಟಿಷ್ ಬ್ಯಾಂಕು ಖಾತೆ ಫ್ರೀಜ್ ಮಾಡುತ್ತೆ, ಹಣದ ಮೂಲ ತೋರಿಸು ಅನ್ನುತ್ತೆ. ತೋರಿಸಿದ್ರೆ ಚೀನಾದಲ್ಲಿ ಅಪ್ಪನಿಗೆ ವಿದೇಶಿ ವಿನಿಮಯ ಉಲ್ಲಂಘನೆ. ತೋರಿಸದಿದ್ರೆ ಇಂಗ್ಲೆಂಡಲ್ಲಿ ಮಗನ ಮೇಲೆ ಮನಿ ಲಾಂಡರಿಂಗ್ ಅನುಮಾನ. ಎರಡು ಕೌಂಟರ್ ಅಂದ್ನಲ್ಲ, ಇದೇ ಅದು.

ನೀರು ಕುಡೀತೀನಿ ಇರಿ. ಈ ಮಗ್ಗು ಡಿಸ್ಕ್ರಿಪ್ಷನ್ ಲಿಂಕಲ್ಲಿ ಸಿಗುತ್ತೆ. ಬಿಸಿ ಕಾಫಿ ಹಾಕಿದ್ರೆ ಬಣ್ಣ ಹೋಗಲ್ಲ, ಈ ಸಲದ ಬ್ಯಾಚು.

ಈಗ ವೀಸಾ. 2018ರ ಜೂನ್‌ನಿಂದ ಅಮೆರಿಕ ಒಂದು ಕೆಲಸ ಮಾಡ್ತು. ರೋಬಾಟಿಕ್ಸ್, ವಿಮಾನಯಾನ, ಹೈಟೆಕ್ ಉತ್ಪಾದನೆ ಓದೋ ಚೀನೀ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಐದು ವರ್ಷದ ವೀಸಾ ಬದಲು ಒಂದು ವರ್ಷದ್ದು. ಪಿಎಚ್‌ಡಿ ಐದಾರು ವರ್ಷ, ವೀಸಾ ಒಂದು ವರ್ಷ. ಅಮೆರಿಕದೊಳಗೇ ಇದ್ರೆ ತೊಂದರೆ ಇಲ್ಲ. ಅಜ್ಜಿ ತೀರಿಹೋದ್ರು ಅಂತ ಊರಿಗೆ ಹೋದ್ರೆ ಮತ್ತೆ ಸಂದರ್ಶನ, ಮತ್ತೆ ಪರಿಶೀಲನೆ, ವಾರಗಳೋ ತಿಂಗಳುಗಳೋ ಯಾರೂ ಹೇಳಲ್ಲ. ಲ್ಯಾಬಲ್ಲಿ ಇವನ ಪ್ರಯೋಗ ಇವನಿಗಾಗಿ ಕಾಯಲ್ಲ. ಅದಕ್ಕೇ ಎಷ್ಟೋ ಜನ ವರ್ಷಗಟ್ಟಲೆ ಊರ ಕಡೆ ಹೋಗೋದೇ ಇಲ್ಲ.

ಆಮೇಲೆ 2020ರ ಮೇ 29ಕ್ಕೆ ಟ್ರಂಪ್ ಸಹಿ ಹಾಕಿದ 10043ನೇ ಘೋಷಣೆ. ಚೀನಾ ಸೇನೆಯ ತಂತ್ರಜ್ಞಾನ ಯೋಜನೆಗೆ ನಂಟಿರೋ ಸಂಸ್ಥೆಗಳಲ್ಲಿ ಓದಿದ್ರೆ ಮಾಸ್ಟರ್ಸ್‌ಗೂ ಪಿಎಚ್‌ಡಿಗೂ ವೀಸಾ ಇಲ್ಲ. ಯಾವ ಸಂಸ್ಥೆಗಳು? ಅಧಿಕೃತ ಪಟ್ಟಿ ಪ್ರಕಟ ಮಾಡಲಿಲ್ಲ! ಬೆಯ್‌ಹಾಂಗ್, ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಥರದ ಏಳು ಕಾಲೇಜುಗಳ ಹೆಸರು ಎಲ್ಲರ ಬಾಯಲ್ಲಿದೆ, ಅದರಾಚೆ ಯಾರಿದ್ದಾರೆ ಅನ್ನೋದು ಕಿಟಕಿ ಮುಂದೆ ನಿಂತಾಗಲೇ ಗೊತ್ತಾಗೋದು. ಬೈಡನ್ ಬಂದ್ರೂ ಅದನ್ನ ತೆಗೀಲಿಲ್ಲ. ಹದಿನೆಂಟನೇ ವಯಸ್ಸಲ್ಲಿ ಗಾವ್‌ಕಾವ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆ ಅಂಕದ ಮೇಲೆ ಸೇರಿದ ಕಾಲೇಜು ಇಪ್ಪತ್ತೆರಡಕ್ಕೆ ಕೊರಳಿಗೆ ಸುತ್ಕೊಳ್ಳುತ್ತೆ.

ಚೀನಾ ಸ್ಕಾಲರ್‌ಶಿಪ್ ಕೌನ್ಸಿಲ್ ಕಡೆಯಿಂದ ಸರ್ಕಾರಿ ದುಡ್ಡಲ್ಲಿ ಹೋದೋನ ಗತಿ ಇನ್ನೂ ಚೆನ್ನಾಗಿದೆ, ಕೇಳಿ. ಹೋಗೋ ಮುಂಚೆ ಒಪ್ಪಂದ, ಜೊತೆಗೆ ಜಾಮೀನುದಾರರು. ಓದು ಮುಗಿಸಿ ವಾಪಸ್ ಬಂದು ಎರಡು ವರ್ಷ ದೇಶದಲ್ಲಿ ಕೆಲಸ ಮಾಡಬೇಕು. ಮಾತು ತಪ್ಪಿದ್ರೆ ಪೂರ್ತಿ ಸ್ಟೈಪೆಂಡ್ ವಾಪಸ್, ಮೇಲೆ ಶೇ 30 ದಂಡ. ಓದೋವಾಗ ರಾಯಭಾರ ಕಚೇರಿಗೆ ವರದಿ ಕಳಿಸ್ತಿರಬೇಕು. ಆ ವರದಿಯೇ ಆಚೆ ಕಡೆ ಅನುಮಾನಕ್ಕೆ ಕಾರಣ. 2020ರ ಆಗಸ್ಟ್‌ನಲ್ಲಿ ನಾರ್ತ್ ಟೆಕ್ಸಸ್ ಯೂನಿವರ್ಸಿಟಿ ಈ ಕೌನ್ಸಿಲ್ ದುಡ್ಡಲ್ಲಿ ಬಂದಿದ್ದ ಸಂಶೋಧಕರ ಜೊತೆ ಸಂಬಂಧ ಕಡಿದು ಜಾಗ ಖಾಲಿ ಮಾಡಿ ಅಂತು. ವರದಿ ಕೊಟ್ರೆ ಈ ಕೌಂಟರಲ್ಲಿ ಪೆಟ್ಟು, ಕೊಡದಿದ್ರೆ ಆ ಕೌಂಟರಲ್ಲಿ.

ಒಬ್ಬ ಸ್ಟೂಡೆಂಟು, ಎರಡು ಕೌಂಟರು. ಟೀಶರ್ಟ್ ಮಾಡಿಸ್ತೀನಿ ಇದನ್ನ.

ಈಗ ವಾಪಸಾತಿ. ಇಲ್ಲಿ ನಮ್ಮ ಜನಕ್ಕೆ ಗೊತ್ತೇ ಇರದ ವಿಷಯ ಇದೆ. ವಿದೇಶಿ ಡಿಗ್ರಿ ತಂದ ಮೇಲೆ ಶಿಕ್ಷಣ ಸಚಿವಾಲಯದ ಕೆಳಗಿರೋ ಒಂದು ಕೇಂದ್ರ ಅದನ್ನ ದೃಢೀಕರಿಸಬೇಕು. ಆ ಮುದ್ರೆ ಇಲ್ಲದಿದ್ರೆ ಸರ್ಕಾರಿ ಕೆಲಸದ ಪರೀಕ್ಷೆಗೂ ಪಿಎಚ್‌ಡಿಗೂ ನಗರದ ನಿವಾಸ ನೋಂದಣಿಯಾದ ಹುಕೊವ್‌ಗೂ ಆ ಡಿಗ್ರಿ ಲೆಕ್ಕಕ್ಕಿಲ್ಲ. 2023ರ ಜನವರಿ ಕೊನೆಯಲ್ಲಿ, ಆಸ್ಟ್ರೇಲಿಯಾದಲ್ಲಿ ತರಗತಿ ಶುರುವಾಗೋಕೆ ಕೆಲವೇ ವಾರ ಇದ್ದಾಗ, ಈ ಕೇಂದ್ರ ಒಂದು ಪ್ರಕಟಣೆ ಹೊರಡಿಸ್ತು: ಇನ್ನು ಮುಂದೆ ಆನ್‌ಲೈನ್ ಓದಿಗೆ ಮಾನ್ಯತೆ ಇಲ್ಲ. ಕೋವಿಡ್ ಅಂತ ಮನೆಯಲ್ಲಿ ಕೂತು ಓದ್ತಿದ್ದ ಸಾವಿರಾರು ಹುಡುಗರು ರಾತ್ರೋರಾತ್ರಿ ಟಿಕೆಟ್ ಹುಡುಕಿದ್ರು. ಸಿಡ್ನಿಯಲ್ಲಿ ಆಗಲೇ ಬಾಡಿಗೆ ಮನೆಗೆ ಬರ. ಯೂನಿವರ್ಸಿಟಿಗೆ ಆನ್‌ಲೈನ್ ಪರವಾಗಿಲ್ಲ, ಆಸ್ಟ್ರೇಲಿಯಾಗೂ ಪರವಾಗಿಲ್ಲ. ಬೇಡ ಅಂದಿದ್ದು ಎರಡನೇ ಕೌಂಟರು.

ನಮ್ಮ ಕಡೆಯಿಂದ ಚೀನಾಕ್ಕೆ ಎಂಬಿಬಿಎಸ್ ಓದೋಕೆ ಹೋದವರಿಗೆ ಇದರ ರುಚಿ ಗೊತ್ತು. 2020ರಲ್ಲಿ ರಜೆಗೆ ಬಂದೋರು 2022ರ ಆಗಸ್ಟ್ ತನಕ ವೀಸಾ ಇಲ್ಲದೆ ಮನೆಯಲ್ಲೇ ಕೂತ್ರು, ಬರೀ ಆನ್‌ಲೈನ್ ಓದಿದ್ರೆ ಒಪ್ಪಲ್ಲ ಅಂತ ಇಲ್ಲಿ ಮೆಡಿಕಲ್ ಕಮಿಷನ್ ಹೇಳ್ತು. ನೋಡಿ, ನಮ್ಮವರಲ್ಲಿ ಒಂದು ಗುಂಪಿಗೆ ಒಂದು ಸಲ ಆಗಿದ್ದಕ್ಕೆ ದೆಲ್ಲಿಯಲ್ಲಿ ಧರಣಿ ಕೂತ್ವಿ.

ಹುಕೊವ್ ಅಂದ್ನಲ್ಲ. ಅದು ಊರಿನ ನೋಂದಣಿ, ಮಕ್ಕಳ ಸ್ಕೂಲು, ಮನೆ ಖರೀದಿ ಎಲ್ಲಕ್ಕೂ ಅಂಟಿಕೊಂಡಿರುತ್ತೆ, ನಮ್ಮ ರೇಷನ್ ಕಾರ್ಡನ್ನ ಹತ್ತು ಪಟ್ಟು ಬಿಗಿ ಮಾಡಿದ ಹಾಗೆ. ಶಾಂಘೈಯಲ್ಲಿ ವಿದೇಶದಿಂದ ಓದಿ ಬಂದವರಿಗೆ ಒಂದು ನಿಯಮ ಇದೆ: ಜಾಗತಿಕ ರ‍್ಯಾಂಕಿಂಗ್‌ನಲ್ಲಿ ಮೊದಲ 50ರೊಳಗಿನ ಯೂನಿವರ್ಸಿಟಿ ಆದ್ರೆ ಫುಲ್‌ಟೈಮ್ ಕೆಲಸ ಸಿಕ್ಕ ಕೂಡಲೇ ಅರ್ಜಿ ಹಾಕಬಹುದು. 51ರಿಂದ 100 ಆದ್ರೆ ಆರು ತಿಂಗಳು ಸಾಮಾಜಿಕ ವಿಮೆ ಕಟ್ಟಿರಬೇಕು. ಈಗ ಗೊತ್ತಾಯ್ತಾ, ಮೆಲ್ಬರ್ನ್, ಸಿಡ್ನಿ, ನ್ಯೂ ಸೌತ್ ವೇಲ್ಸ್ ಯೂನಿವರ್ಸಿಟಿಗಳಿಗೆ ಯಾಕೆ ಮುಗಿಬೀಳ್ತಾರೆ ಅಂತ? 2024ರ ಕ್ಯೂಎಸ್ ಪಟ್ಟಿಯಲ್ಲಿ ಮೂರೂ ಮೊದಲ ಇಪ್ಪತ್ತರೊಳಗೆ. "ಚೀನಾದವರಿಗೆ ರ‍್ಯಾಂಕಿಂಗ್ ಹುಚ್ಚು" ಅಂತ ನಗ್ತೀರಲ್ಲ, ಹುಚ್ಚು ಹುಡುಗಂದಲ್ಲ ರೀ, ಆ ಅರ್ಜಿ ಫಾರಂದು!

ಕೆಲಸ ಹುಡುಕೋದೂ ಹಾಗೇ. ಬ್ರಿಟನ್ನಿನ ಮಾಸ್ಟರ್ಸ್ ಒಂದೇ ವರ್ಷ, ಶುರು ಸೆಪ್ಟೆಂಬರ್. ಚೀನಾದಲ್ಲಿ ಕಂಪನಿಗಳ ದೊಡ್ಡ ನೇಮಕಾತಿ ಸೀಸನ್ನೂ ಅದೇ ಸೆಪ್ಟೆಂಬರಿಂದ ನವೆಂಬರ್. ಅಂದ್ರೆ ಸೂಟ್‌ಕೇಸ್ ಬಿಚ್ಚೋ ಮೊದಲೇ, ಒಂದು ಅಂಕವೂ ಬರದೇ ಇರೋವಾಗಲೇ, ಅರ್ಜಿ ಹಾಕಬೇಕು. ಬೀಜಿಂಗ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್ ಟೆಸ್ಟ್ ಇಟ್ರೆ ಲಂಡನ್ನಲ್ಲಿ ಬೆಳಗಿನ ಜಾವ ಎರಡೋ ಮೂರೋ. ಒಂಬತ್ತಕ್ಕೆ ಕ್ಲಾಸಲ್ಲಿ ತೂಕಡಿಸಿದ್ರೆ "ಚೀನಾ ಹುಡುಗರು ಬಾಯೇ ಬಿಡಲ್ಲ" ಅಂತ ಕಂಪ್ಲೇಂಟು.

ಹಾಂ, ಬಂತಲ್ಲ ಆ ಮಾತು. "ಅವರವರೇ ಗುಂಪು ಕಟ್ಕೋತಾರೆ." ಅಬ್ಬಬ್ಬಾ, ಯಾರು ಹೇಳ್ತಿರೋದು ನೋಡಿ! ಲ್ಯಾಂಡ್ ಆದ ವಾರದಲ್ಲಿ ಕನ್ನಡ ಕೂಟದ ವಾಟ್ಸ್ಯಾಪ್ ಗ್ರೂಪ್ ಸೇರಿ, ಯುಗಾದಿ ಒಬ್ಬಟ್ಟಿನ ಊಟಕ್ಕೆ ಹೆಸರು ಕೊಡೋರು ನಾವು. ಬ್ರಿಟನ್ನಿನ ಕೆಲವು ಬಿಸಿನೆಸ್ ಸ್ಕೂಲುಗಳಲ್ಲಿ ಮಾಸ್ಟರ್ಸ್ ಕ್ಲಾಸಿಗೆ ಹೋಗಿ ನೋಡಿ, ಬಹುಪಾಲು ಚೀನಾದವರೇ. ತುಂಬಿಸ್ಕೊಂಡಿದ್ದು ಯೂನಿವರ್ಸಿಟಿ, ಫೀಸಿಗೋಸ್ಕರ. ಅವನು ಗೋಡೆ ಹತ್ರ ಇಂಗ್ಲಿಷ್ ಮಾತಾಡಬೇಕಾ?

ಇನ್ನೊಬ್ಬರು ಬರೀತಾರೆ, "ಬ್ರಿಟನ್ ವೀಸಾಕ್ಕೆ ಚೀನಾದವರು ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಲೇಬೇಕು ಅಂತಿಲ್ಲ, ನಾವು ಲಗತ್ತಿಸಬೇಕು" ಅಂತ. ಸರಿ, ನಿಜ. ಅವರ ದೇಶ ಕಡಿಮೆ ಅಪಾಯದ ಪಟ್ಟಿಯಲ್ಲಿದೆ, ನಮ್ಮದಿಲ್ಲ. ಕೇಳಿದ್ರೆ ಮಾತ್ರ ತೋರಿಸಬೇಕು. ಒಂದು ಕೌಂಟರಲ್ಲಿ ಒಂದು ಕಾಗದ ಕಮ್ಮಿ. ಚಪ್ಪಾಳೆ. ಮುಂದೆ?

ಇದು ಇವತ್ತಿನ ಕಥೆಯೂ ಅಲ್ಲ. 1872ರಿಂದ ಚೀನಾದ ಚಿಂಗ್ ರಾಜಮನೆತನದ ಸರ್ಕಾರ 120 ಹುಡುಗರನ್ನ ಅಮೆರಿಕದ ಕನೆಟಿಕಟ್ ಕಡೆ ಓದೋಕೆ ಕಳಿಸ್ತು, 1854ರಲ್ಲೇ ಯೇಲ್‌ನಲ್ಲಿ ಪದವಿ ಪಡೆದಿದ್ದ ಯುಂಗ್ ವಿಂಗ್ ಅವರ ಯೋಜನೆ. ಹುಡುಗರು ಬೇಸ್‌ಬಾಲ್ ಆಡ್ತಾರೆ, ಚರ್ಚಿಗೆ ಹೋಗ್ತಾರೆ, ಕೆಲವರು ಆಗ ಕಡ್ಡಾಯವಾಗಿದ್ದ ಜಡೆ ಕತ್ತರಿಸಿದ್ರು ಅಂತ ಊರಲ್ಲಿ ಗಲಾಟೆ. ಅಲ್ಲಿ ಅಮೆರಿಕದ ಸೈನಿಕ ಅಕಾಡೆಮಿಗಳು ಇವರನ್ನ ಒಳಗೆ ಬಿಡಲಿಲ್ಲ. 1881ಕ್ಕೆ ಎಲ್ಲರನ್ನೂ ವಾಪಸ್ ಕರೆಸಿದ್ರು, ಹೆಚ್ಚಿನವರ ಓದು ಅರ್ಧಕ್ಕೇ ನಿಂತಿತ್ತು. ಮರುವರ್ಷವೇ ಚೀನೀ ಕಾರ್ಮಿಕರನ್ನ ತಡೆಯೋ ಕಾನೂನು ಅಮೆರಿಕದಲ್ಲಿ. ಆಗಲೂ ಎರಡು ಕೌಂಟರು! ಕ್ಯಾಲ್‌ಟೆಕ್‌ನ ರಾಕೆಟ್ ವಿಜ್ಞಾನಿ ಚಿಯಾನ್ ಶ್ವೆಸನ್ ಅವರನ್ನ 1950ರಲ್ಲಿ ಕಮ್ಯೂನಿಸ್ಟ್ ಅಂತ ಹಿಡಿದು, ಐದು ವರ್ಷ ಕಟ್ಟಿಹಾಕಿ, 1955ರಲ್ಲಿ ಚೀನಾಕ್ಕೆ ಕಳಿಸಿದ್ರು. ಅವರು ಹೋಗಿ ಚೀನಾದ ಕ್ಷಿಪಣಿ ಯೋಜನೆ ಕಟ್ಟಿದ್ರು. ಅನುಮಾನ ಪಟ್ಟಿದ್ದರಿಂದ ಅಮೆರಿಕಕ್ಕೆ ಸಿಕ್ಕಿದ್ದೇನು, ನೀವೇ ಹೇಳಿ.

2025ಕ್ಕೆ ಬನ್ನಿ. ಏಪ್ರಿಲ್‌ನಲ್ಲಿ ಎಸಿ ತಯಾರಿಸೋ ಗ್ರೀ ಕಂಪನಿಯ ಮುಖ್ಯಸ್ಥೆ ಡೊಂಗ್ ಮಿಂಗ್‌ಝು ಷೇರುದಾರರ ಸಭೆಯಲ್ಲಿ, ಹೊರಗೆ ಓದಿ ಬಂದವರನ್ನ ತಗೊಳ್ಳಲ್ಲ, ಅವರಲ್ಲಿ ಗೂಢಚಾರರಿದ್ದಾರೆ ಅಂದ್ರು. ಮೇ 28ಕ್ಕೆ ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ, ಚೀನೀ ವಿದ್ಯಾರ್ಥಿಗಳ ವೀಸಾಗಳನ್ನ ಬಿರುಸಾಗಿ ರದ್ದು ಮಾಡ್ತೀವಿ ಅಂದ್ರು. ಮಧ್ಯೆ ಇದ್ದಿದ್ದು ಐದೇ ವಾರ ರೀ! ಅದೇ ಹುಡುಗ ಅಲ್ಲೂ ಗೂಢಚಾರ, ಇಲ್ಲೂ ಗೂಢಚಾರ. ಆಗಸ್ಟ್‌ನಲ್ಲಿ ಟ್ರಂಪ್ ಉಲ್ಟಾ ಹೊಡೆದು 6 ಲಕ್ಷ ಚೀನೀ ವಿದ್ಯಾರ್ಥಿಗಳು ಬರಲಿ ಅಂದ್ರು. 2023–24ರಲ್ಲಿ ಅಲ್ಲಿ ಇದ್ದಿದ್ದೇ 2.77 ಲಕ್ಷ, 2019–20ರ 3.72 ಲಕ್ಷದಿಂದ ಇಳಿದು. ಆ ವರ್ಷವೇ 3.31 ಲಕ್ಷದೊಂದಿಗೆ ನಾವು ಅವರನ್ನ ದಾಟಿದ್ದು. ಇದಕ್ಕೆ ಶಿಳ್ಳೆ ಹೊಡೆಯೋರು ಕಾಮೆಂಟಲ್ಲಿ ಹೊಡ್ಕೊಳ್ಳಿ.

ಇದನ್ನೆಲ್ಲ ಚೆನ್ನಾಗಿ ಅರ್ಥ ಮಾಡ್ಕೊಂಡಿರೋರು ಯಾರು ಗೊತ್ತಾ? ಕಳ್ಳರು. ಫೋನ್ ಬರುತ್ತೆ, ಮ್ಯಾಂಡರಿನ್‌ನಲ್ಲಿ, ಕೊರಿಯರ್ ಕಂಪನಿಯಿಂದ ಅಥವಾ ರಾಯಭಾರ ಕಚೇರಿಯಿಂದ. ನಿನ್ನ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ. ಅಲ್ಲಿಂದ ಊರಿನ "ಪೊಲೀಸ"ರಿಗೆ ಕರೆ ವರ್ಗ. ವಿಡಿಯೋದಲ್ಲಿ ಯೂನಿಫಾರ್ಮು, ನಕಲಿ ವಾರಂಟು, ಯಾರಿಗೂ ಹೇಳಬೇಡ ಅನ್ನೋ ಆಣೆ. ಹೌದು, ನಮ್ಮ ಬೆಂಗಳೂರಿನ ಡಿಜಿಟಲ್ ಅರೆಸ್ಟ್‌ದೇ ಸ್ಕ್ರಿಪ್ಟು. ಆದ್ರೆ ಅಲ್ಲಿ ಇನ್ನೊಂದು ಹೆಜ್ಜೆ ಇದೆ: ದುಡ್ಡು ಖಾಲಿಯಾದ ಮೇಲೆ ಹೋಟೆಲ್ ರೂಮಿಗೆ ಹೋಗಿ ಕೈಕಾಲು ಕಟ್ಕೊಂಡ ಫೋಟೋ ತೆಗಿ ಅಂತಾರೆ, ಅದನ್ನ ಅಪ್ಪ ಅಮ್ಮನಿಗೆ ಕಳಿಸಿ ಒತ್ತೆಹಣ ಕೇಳ್ತಾರೆ. 2020ರಲ್ಲಿ ನ್ಯೂ ಸೌತ್ ವೇಲ್ಸ್ ಪೊಲೀಸರು ಇಂಥಾ ಎಂಟು ಪ್ರಕರಣ ಹೇಳಿದ್ರು, ಹೋದ ದುಡ್ಡು 32 ಲಕ್ಷ ಆಸ್ಟ್ರೇಲಿಯನ್ ಡಾಲರ್. ಹುಡುಗ ಯಾಕೆ ನಂಬ್ತಾನೆ? ಊರಿನ ಪೊಲೀಸ್ ಅಂದ್ರೆ ಭಯ. ಓದೋ ದೇಶದ ಪೊಲೀಸ್ ಹತ್ರ ಹೋದ್ರೆ ವೀಸಾ ಭಯ. ಎರಡು ಕೌಂಟರು! ಎರಡು!

ಇನ್ನೂ "ಶ್ರೀಮಂತರ ಮಕ್ಕಳು" ಅಂತ ಬರೀತೀರಾ? ಬರೀರಿ. ಎರಡು ಕೌಂಟರು ಅಂತ ಪಿನ್ ಮಾಡ್ತೀನಿ, ಅದರ ಕೆಳಗೇ ಬರೀರಿ. ಚೀನಾ ಸ್ಟೂಡೆಂಟ್ ಫೆರಾರಿ ಓಡಿಸೋ ವಿಡಿಯೋ ಲಿಂಕ್ ಹಾಕಬೇಡಿ, ಆ ಫೆರಾರಿ ನಾನೂ ನೋಡಿದೀನಿ. ನಿಮಗೆ ಫೆರಾರಿ ಕಾಣುತ್ತೆ, ನನಗೆ ಕೌಂಟರ್ ಕಾಣುತ್ತೆ, ಅಷ್ಟೇ. ಸ್ಕ್ರಿಪ್ಟಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತು, ಬಿಡಿ, ನನಗೆ ಸಿಟ್ಟು ಬಂದಿದೆ.

ಬೆಲ್ ಒತ್ತಿ. ಬ್ರಿಟನ್ನಿಗೆ ಹೋಗೋ ನಮ್ಮ ಹುಡುಗರಿಗೆ ದಾಖಲೆಗಳ ಚೆಕ್‌ಲಿಸ್ಟು ಮೆಂಬರ್ಸ್ ಪೇಜಲ್ಲಿ ಹಾಕಿದೀನಿ. ಅದರಲ್ಲಿ ಖಾತೆ ಹಣದ ಸಾಲು ಎರಡು ಸಲ ಓದಿ: ಬೇಕಾದ ಮೊತ್ತ ಸತತ 28 ದಿನ ಇರಬೇಕು, ಮಧ್ಯೆ ಒಂದೇ ದಿನ ಕೆಳಗಿಳಿದ್ರೂ ಎಣಿಕೆ ಮತ್ತೆ ಒಂದರಿಂದ. ಸ್ಟೇಟ್‌ಮೆಂಟಿನ ಕೊನೆ ದಿನಾಂಕ ಅರ್ಜಿ ಹಾಕೋ ದಿನಕ್ಕೆ 31 ದಿನಕ್ಕಿಂತ ಹಳೇದಾಗಿರಬಾರದು. ಮಧ್ಯದಲ್ಲಿ ಅಕ್ಕನ ಮದುವೆ ಅಂತ ದುಡ್ಡು ತೆಗೀಬೇಡಿ.