ಮಿಂಟ್ ಹಾಕಿದ್ದಾಯಿತು, ಏಳುತ್ತಿಲ್ಲವೇಕೆ?

[ಪರದೆ: ಲ್ಯಾಪ್‌ಟಾಪ್ ಆನ್ ಆಗುತ್ತದೆ. ವಿಂಡೋಸ್ ಚಿಹ್ನೆ.]

ನಮಸ್ಕಾರ. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದಿರಿ, ಪೆನ್‌ಡ್ರೈವ್ ತೆಗೆದಿರಿ, ರೀಸ್ಟಾರ್ಟ್ ಮಾಡಿದಿರಿ. ಏನೂ ಆಗಿಯೇ ಇಲ್ಲವೆಂಬಂತೆ ವಿಂಡೋಸ್ ಬಂದು ಕುಳಿತಿದೆ. ದಯವಿಟ್ಟು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಸ್ನೇಹಿತನ ಲ್ಯಾಪ್‌ಟಾಪಿಗೆ ನಾನು ಒಂದೇ ಸಂಜೆ ಮೂರು ಸಲ ಮಿಂಟ್ ಹಾಕಿದ್ದೇನೆ. ಮೂರು ಸಲವೂ ಅದೇ ತಪ್ಪು, ಅಷ್ಟೇ ಶ್ರದ್ಧೆಯಿಂದ.

[ಬೂಟ್ ಮೆನು. ಕ್ಯಾಮೆರಾ ಹತ್ತಿರಕ್ಕೆ.]

ಯಂತ್ರ ಆನ್ ಆಗುತ್ತಲೇ ಎಫ್12 ಒತ್ತಿದಾಗ ಬರುವ ಪಟ್ಟಿ ಇದು. ನಿಮ್ಮದರಲ್ಲಿ ಎಫ್9 ಅಥವಾ ಎಸ್ಕೇಪ್ ಇರಬಹುದು. ಪೆನ್‌ಡ್ರೈವ್ ಒಂದೇ, ಹೆಸರು ಮಾತ್ರ ಎರಡು ಸಲ ಇದೆ. ಒಂದರ ಮುಂದೆ ‘ಯುಇಎಫ್‌ಐ’ ಎಂದಿದೆ, ಇನ್ನೊಂದರ ಮುಂದೆ ಏನೂ ಇಲ್ಲ. ನಾನು ಆರಿಸಿದ್ದು ಆ ಏನೂ ಇಲ್ಲದ್ದನ್ನು.

ಯಂತ್ರ ಆನ್ ಆಗಿ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಕ್ರಮಗಳು ಎರಡು: ಹೊಸದು ಯುಇಎಫ್‌ಐ, ಹಳೆಯದು ಬಯೋಸ್. ಮುಂದೆ ಏನೂ ಇಲ್ಲದ ಆ ಸಾಲು ಬಯೋಸಿನದು. ಬಯೋಸ್ ಕ್ರಮದಲ್ಲಿ ಯಂತ್ರ ಮೊದಲು ಓದುವುದು ಡಿಸ್ಕಿನ ಮೊದಲ ಸೆಕ್ಟರನ್ನು. ಅದು ಸಾಮಾನ್ಯವಾಗಿ 512 ಬೈಟ್, ಅದರಲ್ಲಿ ಬೂಟ್ ಕೋಡಿನ ಪಾಲು 446. ಯುಇಎಫ್‌ಐ ಆ ಕೋಡಿನ ಕಡೆ ತಲೆಯನ್ನೇ ಹಾಕುವುದಿಲ್ಲ. ಫ್ಯಾಟ್32 ಮಾದರಿಯ ಇಎಫ್‌ಐ ವಿಭಾಗಕ್ಕೆ ಹೋಗಿ ಅಲ್ಲಿರುವ ಬೂಟ್‌ಲೋಡರ್ ಕಡತವನ್ನು, ಅಂದರೆ ಸಿಸ್ಟಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು, ತೆರೆಯುತ್ತದೆ. ನಾನು ಬಯೋಸ್ ಕ್ರಮದಲ್ಲಿ ಇನ್‌ಸ್ಟಾಲ್ ಮಾಡಿದ್ದೆ, ಯಂತ್ರ ಯುಇಎಫ್‌ಐ ಕ್ರಮದಲ್ಲಿ ಏಳುತ್ತಿತ್ತು. ಮಿಂಟ್ ಡಿಸ್ಕಿನಲ್ಲೇ ಇತ್ತು, ಎಬ್ಬಿಸುವವರು ಇರಲಿಲ್ಲ.

[ಲೈವ್ ಮಿಂಟ್, ಫೈಲ್ ಮ್ಯಾನೇಜರ್.]

ಪೆನ್‌ಡ್ರೈವಿನಿಂದ ಲೈವ್ ಮಿಂಟ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವ ಮಿಂಟ್, ತೆರೆದು ‘ಸಿಸ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರ್ ನೋಡಿ. ಅಲ್ಲಿ ‘ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ನೀವು ಯುಇಎಫ್‌ಐ ಕ್ರಮದಲ್ಲಿದ್ದೀರಿ. ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿ, ಬೂಟ್ ಮೆನುವಿನಲ್ಲಿ ‘ಯುಇಎಫ್‌ಐ’ ಎಂದಿರುವ ಸಾಲನ್ನು ಆರಿಸಿ. ವಿಂಡೋಸ್ 11 ಜೊತೆಗೇ ಅಂಗಡಿಯಿಂದ ಬಂದ ಯಂತ್ರವಾದರೆ ಯುಇಎಫ್‌ಐ ಎಂದೇ ತಿಳಿಯಿರಿ. ನಂತರ ಇಂಟರ್ನೆಟ್ ಜೋಡಿಸಿ, ಮೆನುವಿನ ಅಡ್ಮಿನಿಸ್ಟ್ರೇಷನ್ ವಿಭಾಗದಲ್ಲಿರುವ ‘ಬೂಟ್ ರಿಪೇರ್’ ತೆರೆದು, ಅದು ಶಿಫಾರಸು ಮಾಡುವ ದುರಸ್ತಿಯನ್ನೇ ಒಪ್ಪಿಕೊಳ್ಳಿ.

ಆಮೇಲೂ ವಿಂಡೋಸೇ ಬಂದರೆ ಯಂತ್ರದ ಯುಇಎಫ್‌ಐ ಸೆಟ್ಟಿಂಗಿನಲ್ಲಿ ಬೂಟ್ ಅನುಕ್ರಮ ನೋಡಿ. ಅಲ್ಲಿ ಮಿಂಟ್ ಎಂದು ಹುಡುಕಿದರೆ ಸಿಗುವುದಿಲ್ಲ! ಉಬುಂಟು ಬುನಾದಿಯ ಮೇಲೆ ನಿಂತ ಮಿಂಟ್ ಅಲ್ಲಿ ‘ಉಬುಂಟು’ ಎಂದೇ ಹೆಸರು ಬರೆಸಿಕೊಂಡಿರುತ್ತದೆ. ಅದನ್ನು ಮೇಲಕ್ಕೆ ತನ್ನಿ.

[ಕಪ್ಪು ಪರದೆ.]

ಮಿಂಟೋ ವಿಂಡೋಸೋ ಎಂದು ಕೇಳುವ ಗ್ರಬ್ ಪಟ್ಟಿ ಬಂದು, ಮಿಂಟ್ ಆರಿಸಿದ ಮೇಲೆ ಪರದೆ ಹೀಗೆ ಕಪ್ಪಾದರೆ ಕಾಯಿಲೆ ಬೇರೆ. ಹೆಚ್ಚಾಗಿ ಅದು ಗ್ರಾಫಿಕ್ಸ್ ಕಾರ್ಡಿನದು. ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ‘ಕ್ವಯಟ್ ಸ್ಪ್ಲ್ಯಾಶ್’ ಅಳಿಸಿ ‘ನೋಮೋಡ್‌ಸೆಟ್’ (nomodeset) ಎಂದು ಒಂದೇ ಪದವಾಗಿ ಬರೆದು, ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಕೂಡಲೇ ಗ್ರಾಫಿಕ್ಸ್ ಕಾರ್ಡಿಗೆ ಸರಿಯಾದ ಡ್ರೈವರ್ ಹಾಕಲು ಡ್ರೈವರ್ ಮ್ಯಾನೇಜರ್ ತೆರೆಯಿರಿ.

[ಗ್ರಬ್ ಪಟ್ಟಿ.]

ಆ ಸಂಜೆ ನಾನು ನಾಲ್ಕನೆಯ ಸಲ ಇನ್‌ಸ್ಟಾಲ್ ಮಾಡಲಿಲ್ಲ. ಬೂಟ್ ರಿಪೇರ್ ಮುಗಿದು ಈ ಪಟ್ಟಿ ಕಂಡಾಗ ತೋರಿಸೋಣವೆಂದು ತಿರುಗಿದರೆ, ಸ್ನೇಹಿತ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ.