ಹೊಳೆಯಿಲ್ಲದ ಊರಲ್ಲಿ ದೋಣಿಯ ಲೆಕ್ಕ

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಬೀದಿ. ಬೆಳಿಗ್ಗೆ ಆರು ಗಂಟೆ. ಡಾಂಬರಿಲ್ಲ, ಬರೀ ಬಿಳಿ ಮರಳು. ಅಲ್ಲೊಬ್ಬರು ಅಕ್ಕ ಗುಡಿಸುತ್ತಿದ್ದಾರಲ್ಲ, ಅವರ ಕೈಯಲ್ಲಿರುವುದು ತೆಂಗಿನ ಕಡ್ಡಿಯ ಪೊರಕೆ. ಇಲ್ಲಿಗೆ ಬಂದ ಮೊದಲ ದಿನ ಈ ಸದ್ದಿಗೇ ನನಗೆ ಎಚ್ಚರವಾಗಿದ್ದು. ಕಣ್ಣು ಬಿಡುವ ಮುಂಚೆ, ಚಳ್ಳಕೆರೆಯಲ್ಲಿ ಅಮ್ಮನೇ ಅಂಗಳ ಗುಡಿಸುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅಲೆಯ ಸದ್ದು ಕೇಳಿಸಿತು.

ನಾನಿರುವುದು ಮಾಲ್ಡೀವ್ಸ್‌ನಲ್ಲಿ, ಲಾಮು ಅನ್ನುವ ಅಟಾಲ್‌ನ (ಅಂದರೆ ಉಂಗುರದ ಹಾಗೆ ಸಾಲಾಗಿರುವ ಹವಳದ ದ್ವೀಪಗಳ ಗುಂಪಿನ) ಒಂದು ಚಿಕ್ಕ ದ್ವೀಪದಲ್ಲಿ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎಂಟು ತಿಂಗಳಾಯಿತು. ಬೆಂಗಳೂರಿನಿಂದ ಇಲ್ಲಿನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ನಮ್ಮ ಅಟಾಲ್‌ನ ವಿಮಾನ ನಿಲ್ದಾಣವಿರುವ ಕದ್ದೂಗೆ ಇನ್ನೊಂದು ಪುಟ್ಟ ವಿಮಾನ. ಆಮೇಲೆ ಸ್ಪೀಡ್ ಬೋಟ್. ಮಾಲ್ಡೀವ್ಸ್ ಅಂದ ಕೂಡಲೇ ಎಲ್ಲರೂ ನೀರಿನ ಮೇಲಿನ ಕಾಟೇಜ್ ತೋರಿಸು ಅನ್ನುತ್ತಾರೆ. ರೆಸಾರ್ಟ್ ದ್ವೀಪಗಳೇ ಬೇರೆ, ಊರಿರುವ ದ್ವೀಪಗಳೇ ಬೇರೆ. ಈ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ, ಜನರ ಊರುಗಳಿರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ನಮ್ಮದು ಅಂಥದ್ದೊಂದು.

ಗಡಿಯಾರ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ವಾರ ಶುರುವಾಗುವುದು ಭಾನುವಾರ. ಶುಕ್ರವಾರ, ಶನಿವಾರ ರಜೆ. ಇದು ಕೇಳಲು ಸಣ್ಣ ವಿಷಯ. ಆದರೆ ಊರಿನಲ್ಲಿ ಎಲ್ಲರೂ ಮನೆಯಲ್ಲಿರುವ ಭಾನುವಾರ ನಾನು ತರಗತಿಯಲ್ಲಿರುತ್ತೇನೆ. ಅಮ್ಮ ಈಗಲೂ ಮರೆತು ಹನ್ನೊಂದು ಗಂಟೆಗೆ ಫೋನ್ ಮಾಡುತ್ತಾಳೆ. ಸಂಜೆ ನಾನೇ ಮಾಡಿದಾಗ ಮೊದಲ ಪ್ರಶ್ನೆ, "ಉಂಡೇನವ್ವ?"

ಊಟದ ಕಷ್ಟ ನಿಜವಾಗಿಯೂ ಇತ್ತು. ನಾನು ಮೀನು ತಿಂದು ಬೆಳೆದವಳಲ್ಲ. ಇಲ್ಲಿ ಬೆಳಗಿನ ತಿಂಡಿಯೇ ಮಸ್ ಹುನಿ. ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆ ಹುಳಿ. ಜೊತೆಗೆ ರೋಶಿ, ಅಂದರೆ ನಮ್ಮ ಚಪಾತಿ ಥರದ್ದೇ. ತರಕಾರಿ ಬರುವುದು ಮಾಲೆಯಿಂದ ದೋಣಿಯಲ್ಲಿ. ಕಡಲು ಕೆಟ್ಟರೆ ಅದೂ ಇಲ್ಲ. ಮೊದಲ ತಿಂಗಳು ಅನ್ನ, ಅಮ್ಮ ಕೊಟ್ಟ ಶೇಂಗಾ ಚಟ್ನಿಪುಡಿ, ಮೊಟ್ಟೆ, ಅಷ್ಟೇ. ಒಂದು ಶುಕ್ರವಾರ ಪಕ್ಕದ ಮನೆಯವರು ತಟ್ಟೆ ಮುಚ್ಚಿಕೊಂಡು ಬಂದರು. ಮೀನಿನ ಬದಲು ಸಿಹಿಗುಂಬಳ ಬೇಯಿಸಿ, ಅದೇ ತೆಂಗಿನ ತುರಿ, ಅದೇ ನಿಂಬೆ ಹಾಕಿ ಕಲಸಿದ್ದರು. ನಾನು ಮೀನು ತಿನ್ನಲ್ಲ ಅಂತ ಅವರಿಗೆ ಹೇಳಿರಲೇ ಇಲ್ಲ. ಅಂಗಡಿಯವರು ಹೇಳಿದರಂತೆ. ಊರು ಅಷ್ಟು ಚಿಕ್ಕದು. ಅವತ್ತು ತುಂಬಾ ದಿನಗಳ ಮೇಲೆ ಹೊಟ್ಟೆ ತುಂಬಾ ತಿಂದೆ.

ಒಂದು ಮಾತು ಹೇಳಲೇಬೇಕು. ಬೇರೆ ಧರ್ಮದವರು ಪೂಜೆಯ ವಿಗ್ರಹಗಳನ್ನು ಈ ದೇಶದೊಳಗೆ ತರುವಂತಿಲ್ಲ. ಗೊತ್ತಿದ್ದೇ ಬಂದೆ. ಗೌರಸಮುದ್ರದ ಮಾರಮ್ಮನ ಫೋಟೋ ಯಾವಾಗಲೂ ನನ್ನ ಪರ್ಸಿನಲ್ಲಿ ಇರುತ್ತಿತ್ತು. ಹೊರಡುವ ದಿನ ಅದನ್ನು ಅಮ್ಮನ ಕೈಗೆ ಕೊಟ್ಟೆ. ಪರ್ಸ್ ತೆಗೆದಾಗೆಲ್ಲ ಆ ಖಾಲಿ ಜಾಗಕ್ಕೆ ಈಗಲೂ ಬೆರಳು ಹೋಗುತ್ತದೆ.

ಇದು ನಮ್ಮ ಶಾಲೆ. ಮಕ್ಕಳ ಮುಖ ತೋರಿಸುವುದಿಲ್ಲ. ಇಲ್ಲಿನ ಭಾಷೆ ದಿವೇಹಿ ಮತ್ತು ಇಸ್ಲಾಂ ಬಿಟ್ಟರೆ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿ. ಹತ್ತನೇ ಕ್ಲಾಸಿನ ಮಕ್ಕಳು ಕೇಂಬ್ರಿಡ್ಜ್ ಪರೀಕ್ಷೆ ಬರೆಯುತ್ತಾರೆ. ನಾನು ಊರಿನಲ್ಲಿ ಆರು ವರ್ಷ ಪಾಠ ಮಾಡಿದವಳು. ಲೆಕ್ಕ ಎಲ್ಲಿದ್ದರೂ ಲೆಕ್ಕವೇ, ಅದೊಂದಕ್ಕೆ ಹೊಂದಿಕೊಳ್ಳುವ ಅಗತ್ಯವಿಲ್ಲ ಅಂದುಕೊಂಡು ಬಂದಿದ್ದೆ.

ಎರಡನೇ ತಿಂಗಳಲ್ಲಿ ಒಂದು ದಿನ, ನಾನು ಯಾವಾಗಲೂ ಹೇಳಿಕೊಡುವ ದೋಣಿಯ ಲೆಕ್ಕ ಬರೆದೆ. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 12 ಕಿಲೋಮೀಟರ್. ಹೊಳೆಯ ಹರಿವಿನ ವೇಗ 3. ಹರಿವಿನ ಜೊತೆ 30 ಕಿಲೋಮೀಟರ್ ಹೋಗಲು ಎಷ್ಟು ಹೊತ್ತು, ಎದುರಾಗಿ ವಾಪಸ್ ಬರಲು ಎಷ್ಟು ಹೊತ್ತು? ಬೋರ್ಡಿನಿಂದ ತಿರುಗಿದರೆ ಕ್ಲಾಸು ಸುಮ್ಮನಿದೆ. ಈ ದೇಶದಲ್ಲಿ ಒಂದೂ ಹೊಳೆಯಿಲ್ಲ. ಅದು ಆಗಲೇ ನನಗೆ ಹೊಳೆದಿದ್ದು. 'ಹೊಳೆ' ಅಳಿಸಿ 'ಕಂಡು' ಅಂತ ಬರೆದೆ. ಇಲ್ಲಿ ಕಂಡು ಅಂದರೆ ಕಡಲು, ದ್ವೀಪಗಳ ನಡುವಿನ ನೀರಿನ ದಾರಿ ಕೂಡ. 'ದೋಣಿ' ಬದಲಿಸಬೇಕಾಗಲಿಲ್ಲ. ದಿವೇಹಿಯಲ್ಲೂ ದೋಣಿಗೆ ದೋನಿ ಅಂತಲೇ ಅನ್ನುತ್ತಾರೆ.

ಆಗ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. ಅಲ್ಲಿಯವರೆಗೆ ಅವನು ಒಂದು ದಿನವೂ ಮಾತಾಡಿರಲಿಲ್ಲ. "ಮಿಸ್, ಇದು ಹುಳಂಗು ಕಾಲವೋ ಇರುವೈ ಕಾಲವೋ?" ಅಂತ ಕೇಳಿದ.

ಹುಳಂಗು ಅಂದರೆ ನೈಋತ್ಯ ಮಾರುತದ ಮಳೆಗಾಲ. ಇರುವೈ ಅಂದರೆ ಈಶಾನ್ಯ ಮಾರುತದ ಒಣಗಾಲ. ಒಂದರಲ್ಲಿ ಇಲ್ಲಿನ ಕಡಲ ಹರಿವು ಹೆಚ್ಚಾಗಿ ಪಡುವಣದಿಂದ ಮೂಡಣಕ್ಕೆ. ಇನ್ನೊಂದರಲ್ಲಿ ಮೂಡಣದಿಂದ ಪಡುವಣಕ್ಕೆ. ದೋಣಿ ಯಾವ ದಿಕ್ಕಿಗೆ ಹೋಗುತ್ತಿದೆ, ಯಾವ ತಿಂಗಳು ಅಂತ ಹೇಳದಿದ್ದರೆ ನನ್ನ ಲೆಕ್ಕ ಅರ್ಧವೇ ಅಲ್ವಾ? ಅವನಪ್ಪ ಗಾಳ ಹಾಕಿ ಟ್ಯೂನಾ ಹಿಡಿಯುವವರು. ಒಂದೊಂದೇ ಮೀನನ್ನು ಗಾಳದ ಕೋಲಿನಲ್ಲಿ ಎತ್ತುತ್ತಾರೆ. ಆ ಹುಡುಗನಿಗೆ ಇದು ಪುಸ್ತಕದ ಪ್ರಶ್ನೆಯಲ್ಲ, ಅಪ್ಪ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ ಅನ್ನುವ ಪ್ರಶ್ನೆ. ಅವನನ್ನು ಬೋರ್ಡಿಗೆ ಕರೆದೆ. ದ್ವೀಪ ಬರೆದ, ಬಾಣ ಬರೆದ. ಹೋಗಲು 2 ಗಂಟೆ, ಬರಲು 3 ಗಂಟೆ 20 ನಿಮಿಷ. ಕಾಲ ಬದಲಾದರೆ ತಿರುಗಾ ಮುರುಗಾ. ಅವತ್ತಿನಿಂದ ನಾನು ಪ್ರಶ್ನೆ ಬರೆಯುವ ಮುಂಚೆ ಅವರನ್ನೇ ಕೇಳುತ್ತೇನೆ.

ಅವರೂ ನನಗೆ ಕಲಿಸುತ್ತಾರೆ. ದಿವೇಹಿಯ ಲಿಪಿ ತಾನ, ಬಲದಿಂದ ಎಡಕ್ಕೆ ಬರೆಯುವುದು. ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬೀ ಅಂಕಿಗಳಿಂದ, 1ರಿಂದ 9. ಒಂದು ಭಾಷೆಯ ಅಕ್ಷರಮಾಲೆ ಎಣಿಕೆಯಿಂದ ಶುರುವಾಗುತ್ತದೆ ಅಂದರೆ ಗಣಿತದವರಿಗೆ ಎಷ್ಟು ಖುಷಿ ಆಗಬೇಡ! ಇಲ್ಲಿ ಹಿಂದೆ ಹನ್ನೆರಡರ ಲೆಕ್ಕದಲ್ಲಿ ಎಣಿಸುತ್ತಿದ್ದರು. ದೊಳಸ್ ಅಂದರೆ ಹನ್ನೆರಡು. ಅರವತ್ತಕ್ಕೆ ಫಸ್‌ದೊಳಸ್, ಐದು ಹನ್ನೆರಡು.

ಈಗ ಸಂಜೆ. ಇದು ನನ್ನ ಮನೆಯ ಹಿಂದಿನ ನೀಲಿ ಟ್ಯಾಂಕು. ಚಳ್ಳಕೆರೆಯವರಿಗೆ ಇದನ್ನು ತೋರಿಸಬೇಕು ಅಂತಲೇ ಕ್ಯಾಮೆರಾ ಹಿಡಿದೆ. ನಾನು ಟ್ಯಾಂಕರ್‌ಗೆ ಬಿಂದಿಗೆ ಸಾಲು ಹಚ್ಚಿ ಬೆಳೆದವಳು. ಸುತ್ತ ಕಣ್ಣು ಹಾಯಿಸಿದಷ್ಟೂ ನೀರಿರುವ ಕಡೆ ಹೋಗುತ್ತೀಯ ಅಂತ ಊರಿನವರು ಹೇಳಿ ಕಳಿಸಿದ್ದರು. ಇಲ್ಲಿ ನಾನು ಕುಡಿಯುವುದು ಮಳೆ ನೀರು. ವಾರೇ ಫೆನ್ ಅನ್ನುತ್ತಾರೆ. ಬಾವಿ ನೀರು ಸ್ವಲ್ಪ ಉಪ್ಪು, ಪಾತ್ರೆ ತೊಳೆಯಲು ಮಾತ್ರ. ಏಪ್ರಿಲ್‌ನಲ್ಲಿ ಟ್ಯಾಂಕಿನ ತಳ ಬಡಿದು ನೋಡಿದಾಗ ಬಂದ ಸದ್ದು ನನಗೆ ಚೆನ್ನಾಗಿ ಗೊತ್ತಿರುವ ಸದ್ದು. ಆವಾಗ ನೀರು ಬಳಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಪಡುವಣದಲ್ಲಿ ಮೋಡ ಕಾಣಿಸುತ್ತಿದೆಯಾ? ಹುಳಂಗು ಶುರುವಾಯಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗುತ್ತಿದ್ದಾರೆ. ಮೊದಲ ಹತ್ತು ನಿಮಿಷದ ಮಳೆಯನ್ನು ಹಾಗೇ ಹರಿಯಲು ಬಿಡಬೇಕು, ಚಾವಣಿಯ ಧೂಳು ಹೋಗಲಿ ಅಂತ. ಆಮೇಲೆ ಪೈಪನ್ನು ಟ್ಯಾಂಕಿಗೆ ತಿರುಗಿಸಬೇಕು. ಅದಕ್ಕೆ ಎರಡು ಕೈ ಬೇಕು. ಕ್ಯಾಮೆರಾ ಇಡುತ್ತೇನೆ.